ರೋಗಿಯ ಸಮ್ಮತಿ: ಆಸ್ಪತ್ರೆಗಳ ಸಂಶೋಧನೆಯ ಇತಿಹಾಸದಿಂದ ಒಂದು ಅಧ್ಯಾಯ

ಆಸ್ಪತ್ರೆಯೆಂಬುದು ಎರಡು ಕಾರ್ಯಗಳು ಏಕಕಾಲದಲ್ಲಿ ನಡೆಯುವ ಸ್ಥಳ. ಮೊದಲನೆಯದು ಸರ್ವವಿದಿತ: ಬಂದ ರೋಗಿಗೆ ಚಿಕಿತ್ಸೆ ನೀಡುವುದು. ಎರಡನೆಯದು ಬಹಳ ಮಂದಿಯ ಗಮನಕ್ಕೆ ಬಾರದೆ ನಡೆಯುವಂಥದು: ಮುಂದೆ ಬರಲಿರುವ ರೋಗಿಗಳಿಗಾಗಿ ಜ್ಞಾನವನ್ನು ಸಂಪಾದಿಸುವುದು. ಹೃದ್ರೋಗ, ಮೂತ್ರಪಿಂಡ, ಪ್ರಸೂತಿ, ಶಿಶುವೈದ್ಯ, ಅರಿವಳಿಕೆ ಮೊದಲಾದ ಎಲ್ಲ ವಿಭಾಗಗಳಲ್ಲಿಯೂ ವೈದ್ಯರು ತಮ್ಮ ರೋಗಿಗಳ ಮೇಲೆಯೇ ಅಧ್ಯಯನ ನಡೆಸಿ ಅದರ ಫಲಿತಾಂಶಗಳನ್ನು ಪತ್ರಿಕೆಗಳಲ್ಲಿ ಪ್ರಕಟಿಸುತ್ತಾರೆ. ಈ ಎರಡೂ ಕಾರ್ಯಗಳನ್ನು ಒಬ್ಬನೇ ವೈದ್ಯ ಒಂದೇ ಹಾಸಿಗೆಯ ಬಳಿ ನಿಂತು ಮಾಡುತ್ತಾನೆ. ರೋಗಿಯು ಅವನನ್ನು ನಂಬಿ ಬಂದದ್ದು ಮೊದಲನೆಯ ಕಾರ್ಯಕ್ಕಾಗಿ. ಎರಡನೆಯದಕ್ಕೆ ಅವನ ಒಪ್ಪಿಗೆಯನ್ನು ಕೇಳಲಾಯಿತೇ? ಈ ಒಂದು ಪ್ರಶ್ನೆಯ ಸುತ್ತ ವೈದ್ಯಶಾಸ್ತ್ರದ ಇತಿಹಾಸದಲ್ಲಿ ನೂರಿಪ್ಪತ್ತೈದು ವರ್ಷಗಳಿಗೂ ಮೀರಿದ ಹೋರಾಟವಿದೆ. ಆ ಹೋರಾಟದ ಕೆಲವು ಘಟ್ಟಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸಂಶೋಧನೆಯ ಅಗತ್ಯ

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳಬೇಕು. ರೋಗಿಗಳ ಮೇಲೆ ನಡೆಯುವ ಸಂಶೋಧನೆಯೆಲ್ಲವೂ ಪೀಡೆಯೆಂದು ತಿಳಿಯುವುದು ಸರಿಯಲ್ಲ. ಪರೀಕ್ಷೆಗೊಳಪಡದ ಚಿಕಿತ್ಸೆಯೂ ಪೀಡೆಯೇ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯೂರೋಪಿನ ವೈದ್ಯರು ಬಹುತೇಕ ಎಲ್ಲ ಜ್ವರಗಳಿಗೂ ರೋಗಿಯ ರಕ್ತವನ್ನು ಹೊರತೆಗೆಯುತ್ತಿದ್ದರು. ಪ್ಯಾರಿಸಿನ ಆಸ್ಪತ್ರೆಯಲ್ಲಿದ್ದ ಪಿಯರ್ ಲೂಯಿ ಎಂಬ ವೈದ್ಯರು ರೋಗಿಗಳನ್ನು ಎಣಿಸಿ, ಹೋಲಿಸಿ, ರಕ್ತಮೋಕ್ಷಣದಿಂದ ನ್ಯುಮೋನಿಯಾಕ್ಕೆ ಜನ ನಂಬಿದ್ದಷ್ಟು ಪ್ರಯೋಜನವಿಲ್ಲವೆಂಬುದನ್ನು 1835ರಲ್ಲಿ ತೋರಿಸಿದರು. ಅದಕ್ಕೆ ಮುಂಚೆ ಶತಮಾನಗಳ ಕಾಲ ಸದುದ್ದೇಶದಿಂದಲೇ ಎಷ್ಟು ಜನರ ರಕ್ತ ಹರಿದಿರಬಹುದೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ನಮ್ಮ ನೆರೆಯಲ್ಲಿಯೇ ಇದಕ್ಕೊಂದು ಉತ್ತಮ ನಿದರ್ಶನವಿದೆ. ಕ್ಷಯರೋಗಿಯನ್ನು ಸ್ಯಾನಟೋರಿಯಂನಲ್ಲಿರಿಸಿ, ವಿಶ್ರಾಂತಿ, ಶುದ್ಧವಾಯು, ಪುಷ್ಟಿಕರ ಆಹಾರಗಳನ್ನು ಕೊಡದೆ ಗುಣಪಡಿಸಲಾಗದೆಂಬ ನಂಬಿಕೆ ಒಂದು ಕಾಲದಲ್ಲಿ ದೃಢವಾಗಿತ್ತು. ಆದರೆ ಭಾರತದ ಕ್ಷಯರೋಗಿಗಳೆಲ್ಲರಿಗೂ ಆಗುವಷ್ಟು ಹಾಸಿಗೆಗಳು ಎಲ್ಲಿದ್ದವು? 1956ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯರೋಗ ಔಷಧ ಚಿಕಿತ್ಸಾ ಕೇಂದ್ರವು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟಿಷ್ ವೈದ್ಯಕೀಯ ಸಂಶೋಧನಾ ಮಂಡಳಿಗಳ ಸಹಕಾರದಿಂದ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿತು. 193 ಬಡ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಸ್ಯಾನಟೋರಿಯಂನಲ್ಲಿ, ಇನ್ನೊಂದಕ್ಕೆ ಮನೆಯಲ್ಲಿಯೇ, ಒಂದು ವರ್ಷ ಅದೇ ಔಷಧಿಗಳನ್ನು ಕೊಡಲಾಯಿತು. 1959ರಲ್ಲಿ ಪ್ರಕಟವಾದ ಫಲಿತಾಂಶದಂತೆ ಇಕ್ಕಟ್ಟಾದ ಮನೆಗಳಲ್ಲಿ ಅರೆಹೊಟ್ಟೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಗುಣಹೊಂದಿದ್ದರು. ಅವರ ಮನೆಯವರಿಗೆ ಸೋಂಕಿನ ಅಪಾಯವೂ ಹೆಚ್ಚಿರಲಿಲ್ಲ. ಜಗತ್ತಿನ ಕ್ಷಯ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿದ ಅಧ್ಯಯನವಿದು. ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಪ್ರಾರಂಭವಾಯಿತು. ಮನೆಯಲ್ಲಿದ್ದುಕೊಂಡೇ ಚಿಕಿತ್ಸೆ ಪಡೆಯುವ ತತ್ತ್ವದ ಮೇಲೆ 1962ರಲ್ಲಿ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪುಗೊಂಡಿತು.

ಆದುದರಿಂದ ಸಂಶೋಧನೆ ಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ. ಯಾರ ದೇಹದ ಮೇಲೆ, ಯಾರ ಒಪ್ಪಿಗೆಯಿಂದ, ಯಾರ ಹಿತಕ್ಕಾಗಿ ಎಂಬುದೇ ಪ್ರಶ್ನೆ.

ನಿಯಮಗಳಿದ್ದವು, ಆದರೂ

1892ರ ಸುಮಾರಿಗೆ ಜರ್ಮನಿಯ ಬ್ರೆಸ್ಲಾವ್ ನಗರದ ಚರ್ಮರೋಗ ತಜ್ಞ ಆಲ್ಬರ್ಟ್ ನೈಸರ್ ಅವರು ಸಿಫಿಲಿಸ್ ರೋಗಕ್ಕೆ ಪ್ರತಿಬಂಧಕವೊಂದನ್ನು ಹುಡುಕುತ್ತಿದ್ದರು. ಅದಕ್ಕಾಗಿ ಆ ರೋಗವುಳ್ಳವರ ರಕ್ತದ ಸೀರಂ ಅನ್ನು ಬೇರೆ ಕಾರಣಗಳಿಗಾಗಿ ಆಸ್ಪತ್ರೆಗೆ ಸೇರಿದ್ದ ಹೆಣ್ಣುಮಕ್ಕಳಿಗೆ ಚುಚ್ಚಿದರು. ಅವರಲ್ಲಿ ಕೆಲವರು ವೇಶ್ಯೆಯರು. ಯಾರಿಗೂ ವಿಷಯ ತಿಳಿಸಿರಲಿಲ್ಲ. ಕೆಲವರಿಗೆ ಮುಂದೆ ರೋಗ ಕಾಣಿಸಿಕೊಂಡಾಗ, ಅದು ಅವರ ವೃತ್ತಿಯಿಂದ ಬಂದದ್ದೆಂದು ನೈಸರ್ ವಾದಿಸಿದರು. ಪತ್ರಿಕೆಗಳು ಪ್ರತಿಭಟಿಸಿದವು, ಶಿಸ್ತು ನ್ಯಾಯಾಲಯವು ಅವರಿಗೆ ದಂಡ ವಿಧಿಸಿತು. ಅದರ ಬೆನ್ನಲ್ಲೇ, 1900ರ ಡಿಸೆಂಬರ್ 29ರಂದು, ಪ್ರಷ್ಯಾ ಸರಕಾರವು ಆಸ್ಪತ್ರೆಗಳಿಗೆ ಆದೇಶವೊಂದನ್ನು ಹೊರಡಿಸಿತು. ಚಿಕಿತ್ಸೆಗೆ ಸಂಬಂಧಿಸದ ಯಾವುದೇ ಪ್ರಯೋಗವನ್ನು ಅಪ್ರಾಪ್ತರ ಮೇಲೆ ನಡೆಸಕೂಡದು. ವಯಸ್ಕರಿಗೆ ಸಂಭವನೀಯ ದುಷ್ಪರಿಣಾಮಗಳನ್ನು ವಿವರಿಸಿ ನಿಸ್ಸಂದಿಗ್ಧವಾದ ಸಮ್ಮತಿ ಪಡೆಯದೆ ನಡೆಸಕೂಡದು ಎಂಬುದು ಅದರ ಸಾರ. 1931ರಲ್ಲಿ ಇಡೀ ಜರ್ಮನಿಗೆ ಅನ್ವಯಿಸುವ ಇನ್ನೂ ವಿವರವಾದ ಸೂತ್ರಗಳು ಬಂದವು.

ಇತಿಹಾಸದ ಕ್ರೂರ ವ್ಯಂಗ್ಯ ಇಲ್ಲಿದೆ. ಅಂದಿನ ಜಗತ್ತಿನಲ್ಲಿ ಇಷ್ಟು ಸ್ಪಷ್ಟವಾದ ನಿಯಮಗಳನ್ನು ಬರೆದಿಟ್ಟುಕೊಂಡಿದ್ದ ದೇಶದಲ್ಲಿಯೇ ಹತ್ತು ವರ್ಷಗಳೊಳಗೆ ಸೆರೆಶಿಬಿರಗಳ ಪ್ರಯೋಗಗಳು ನಡೆದವು. ನ್ಯೂರೆಂಬರ್ಗಿನಲ್ಲಿ 23 ಮಂದಿಯ ಮೇಲೆ ನಡೆದ ವೈದ್ಯರ ವಿಚಾರಣೆಯ ತೀರ್ಪು 1947ರ ಆಗಸ್ಟ್‌ನಲ್ಲಿ ಹೊರಬಿತ್ತು: 16 ಮಂದಿ ಅಪರಾಧಿಗಳೆಂದು ಸಾಬೀತಾಯಿತು, 7 ಮಂದಿಗೆ ಮರಣದಂಡನೆಯಾಯಿತು. ತೀರ್ಪಿನ ಭಾಗವಾಗಿ ಬಂದ ಹತ್ತು ಅಂಶಗಳ ಸಂಹಿತೆಯ ಮೊದಲ ಅಂಶವೇ ಸ್ವಇಚ್ಛೆಯ ಸಮ್ಮತಿ.

ಗೆದ್ದ ದೇಶಗಳ ವೈದ್ಯರು ಆ ಸಂಹಿತೆಯನ್ನು ಓದಿ ಏನೆಂದುಕೊಂಡರು? ಅದು ದುಷ್ಟರಿಗಾಗಿ ಬರೆದದ್ದು, ನಮಗಲ್ಲ ಎಂದುಕೊಂಡರು. ಮರುವರ್ಷವೇ, 1948ರಲ್ಲಿ, ಬ್ರಿಟನ್ನಿನ ಪ್ರಸಿದ್ಧ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯ ವರದಿ ಪ್ರಕಟವಾಯಿತು. 107 ಕ್ಷಯರೋಗಿಗಳಲ್ಲಿ 55 ಮಂದಿಗೆ ಹೊಸ ಔಷಧಿ ದೊರೆಯಿತು, 52 ಮಂದಿಗೆ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4, ಎರಡನೆಯದರಲ್ಲಿ 14 ಸಾವುಗಳಾದವು. ಎಲ್ಲರಿಗೂ ಕೊಡುವಷ್ಟು ಔಷಧಿಯೇ ಇರಲಿಲ್ಲವಾದ್ದರಿಂದ ಈ ಹೋಲಿಕೆ ಅನ್ಯಾಯವಾಗಿರಲಿಲ್ಲವೆಂದು ಇಂದಿಗೂ ವಾದಿಸಬಹುದು. ಆದರೆ ತಾವೊಂದು ಪರೀಕ್ಷೆಯ ಭಾಗವೆಂಬುದನ್ನು ಆ 52 ಮಂದಿಗೆ ತಿಳಿಸಿರಲಿಲ್ಲ. ಉತ್ತಮ ಅಧ್ಯಯನವೂ ರೋಗಿಯನ್ನು ಮಾತನಾಡಿಸದೆ ನಡೆಯಬಹುದಾಗಿದ್ದ ಕಾಲವದು.

ಹೊರಗಿನವನ ಕಣ್ಣು

ಮಾರಿಸ್ ಪ್ಯಾಪ್‌ವರ್ತ್ ಅವರು 1910ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನ ಯಹೂದಿ ಕುಟುಂಬದಲ್ಲಿ ಜನಿಸಿದರು. ಪ್ರತಿಭಾವಂತ ವೈದ್ಯರಾದರೂ, ಯಹೂದಿಯು ಎಂದೂ ಸಭ್ಯ ಗೃಹಸ್ಥನಾಗಲಾರನೆಂಬ ಕಾರಣವನ್ನು ಸಂದರ್ಶನವೊಂದರಲ್ಲಿ ಅವರಿಗೆ ಮುಖಕ್ಕೆ ಹೇಳಿ ಹುದ್ದೆ ನಿರಾಕರಿಸಲಾಯಿತು. ಯುದ್ಧಾನಂತರ ಲಂಡನ್ನಿನಲ್ಲಿಯೂ ದೊಡ್ಡ ಬೋಧನಾ ಆಸ್ಪತ್ರೆಗಳ ಬಾಗಿಲು ಅವರಿಗೆ ತೆರೆಯಲಿಲ್ಲ. ಉನ್ನತ ಪರೀಕ್ಷೆಗಳಿಗೆ ಕುಳಿತುಕೊಳ್ಳುವ ಕಿರಿಯ ವೈದ್ಯರಿಗೆ ಖಾಸಗಿಯಾಗಿ ಪಾಠ ಹೇಳಿ ಅವರು ಹೆಸರಾದರು.

ಈ ಶಿಷ್ಯರೇ ತಮ್ಮ ಆಸ್ಪತ್ರೆಗಳಲ್ಲಿ ಕಂಡದ್ದನ್ನು ಗುರುವಿನ ಬಳಿ ಹೇಳಿಕೊಳ್ಳತೊಡಗಿದರು. ಮೇಲಿನವರ ಆಜ್ಞೆಯಂತೆ, ಚಿಕಿತ್ಸೆಗೆ ಬೇಕಿಲ್ಲದ ಸೂಜಿಗಳನ್ನೂ ನಳಿಕೆಗಳನ್ನೂ ರೋಗಿಗಳ ದೇಹಕ್ಕೆ ತೂರಿಸಬೇಕಾಗಿತ್ತೆಂಬುದು ಅವರ ಅಳಲು. ಎದುರಾಡಿದರೆ ಭವಿಷ್ಯವಿಲ್ಲ. ಪ್ಯಾಪ್‌ವರ್ತ್ ಅವರು ವೈದ್ಯಕೀಯ ಪತ್ರಿಕೆಗಳನ್ನು ತೆರೆದು ನೋಡಿದರು. ಸಾಕ್ಷ್ಯವೆಲ್ಲವೂ ಅಲ್ಲಿಯೇ, ಸಂಶೋಧಕರ ಹಸ್ತಾಕ್ಷರದೊಂದಿಗೆ, ಬಹಿರಂಗವಾಗಿ ಅಚ್ಚಾಗಿತ್ತು! ಯಾರೂ ಅದನ್ನು ರೋಗಿಯ ಕಡೆಯಿಂದ ಓದಿರಲಿಲ್ಲ, ಅಷ್ಟೆ.

1962ರಲ್ಲಿ ಅವರು ಈ ಕುರಿತು ಮೊದಲ ಲೇಖನ ಬರೆದರು. 1967ರಲ್ಲಿ ‘ಹ್ಯೂಮನ್ ಗಿನಿ ಪಿಗ್ಸ್’ ಎಂಬ ಗ್ರಂಥ ಹೊರಬಂದಿತು. ಇನ್ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಅದರಲ್ಲಿ ಸಂಗ್ರಹಿಸಿದ್ದರು. ಮಕ್ಕಳು, ಗರ್ಭಿಣಿಯರು, ಮನೋರೋಗಿಗಳು, ಮರಣಶಯ್ಯೆಯಲ್ಲಿದ್ದವರು ಎಂದು ಅಧ್ಯಾಯಗಳನ್ನು ವಿಂಗಡಿಸಿದ್ದರು. ಆಸ್ಪತ್ರೆಗಳ ಮತ್ತು ವೈದ್ಯರ ಹೆಸರುಗಳನ್ನು ಮರೆಮಾಚಲಿಲ್ಲ. ಉದಾಹರಣೆಗೆ, ತೋಳಿನ ರಕ್ತನಾಳದ ಮೂಲಕ ಹೃದಯದವರೆಗೆ ಸಣ್ಣ ನಳಿಕೆಯನ್ನು ಸೇರಿಸುವ ವಿಧಾನವನ್ನು ಅವರು ವಿವರವಾಗಿ ಚರ್ಚಿಸಿದರು. 1929ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ಆ ನಳಿಕೆಯನ್ನು ಮೊದಲು ತಮ್ಮ ಸ್ವಂತ ದೇಹಕ್ಕೆ ಸೇರಿಸಿಕೊಂಡಿದ್ದರು. 1956ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಮುಂದಿನವರು ಅದೇ ನಳಿಕೆಯನ್ನು, ತಮಗಾಗಲೀ ತಮ್ಮವರಿಗಾಗಲೀ ಸೇರಿಸಿಕೊಳ್ಳದೆ, ಅದರಿಂದ ಯಾವ ಲಾಭವೂ ಇಲ್ಲದ ವಾರ್ಡಿನ ರೋಗಿಗಳಿಗೆ ಸೇರಿಸಿದರು. ವೈದ್ಯನು ತನಗೂ ತನ್ನ ಮನೆಯವರಿಗೂ ಒಪ್ಪದ ಪ್ರಯೋಗವನ್ನು ರೋಗಿಗೆ ಮಾಡಬಾರದೆಂಬುದು ಪ್ಯಾಪ್‌ವರ್ತ್ ಅವರು ಮುಂದಿಟ್ಟ ಸಮಾನತೆಯ ಸೂತ್ರ. ಇಂಥ ಪ್ರಯೋಗಗಳಿಗೆ ಒಳಗಾಗುತ್ತಿದ್ದವರು ಹಣ ಕೊಟ್ಟು ಖಾಸಗಿ ಕೊಠಡಿಯಲ್ಲಿದ್ದವರಲ್ಲ, ಸಾಮಾನ್ಯ ವಾರ್ಡಿನವರು ಎಂಬುದನ್ನು ನೆನೆದರೆ ಆ ಸೂತ್ರದ ತೀಕ್ಷ್ಣತೆ ಅರಿವಾದೀತು.

ಒಳಗಿನವನ ದನಿ

ಇದೇ ಸಮಯದಲ್ಲಿ ಅಮೆರಿಕದಲ್ಲಿ ಹೆನ್ರಿ ಬೀಚರ್ ಎಂಬುವರು ಇದೇ ಕೆಲಸವನ್ನು ಇನ್ನೊಂದು ರೀತಿಯಲ್ಲಿ ಮಾಡುತ್ತಿದ್ದರು. ಅವರು ಹೊರಗಿನವರಲ್ಲ, ಹಾರ್ವರ್ಡ್ ವಿಶ್ವವಿದ್ಯಾಲಯದ ಅರಿವಳಿಕೆ ಶಾಸ್ತ್ರದ ಪ್ರಾಧ್ಯಾಪಕರು. ಸ್ವತಃ ಸೇನೆಯ ಹಣದಿಂದ ಮನಸ್ಸನ್ನು ವಿಕಾರಗೊಳಿಸುವ ಮಾದಕ ದ್ರವ್ಯಗಳ ಅಧ್ಯಯನ ನಡೆಸಿದ್ದವರು. ಅವರ ಪ್ರಬಂಧವನ್ನು ಒಂದು ಪ್ರತಿಷ್ಠಿತ ಪತ್ರಿಕೆ ತಿರಸ್ಕರಿಸಿತು; 1966ರ ಜೂನ್ 16ರಂದು ಇನ್ನೊಂದು ಪತ್ರಿಕೆ ಪ್ರಕಟಿಸಿತು. ಅವರು ಸಂಗ್ರಹಿಸಿದ್ದ 50 ಉದಾಹರಣೆಗಳಲ್ಲಿ 22 ಮಾತ್ರ ಅಚ್ಚಾದವು. ಆ 50ರಲ್ಲಿ ರೋಗಿಯ ಸಮ್ಮತಿಯ ಪ್ರಸ್ತಾಪವಿದ್ದುದು ಕೇವಲ ಎರಡರಲ್ಲಿ.

ಆ ಪಟ್ಟಿ ಯಾವುದೇ ಒಂದು ವಿಭಾಗಕ್ಕೆ ಸೀಮಿತವಾಗಿರಲಿಲ್ಲ. ಗಂಟಲು ಸೋಂಕಿನ ಸೈನಿಕರಿಗೆ ಪರಿಣಾಮಕಾರಿಯೆಂದು ಗೊತ್ತಿದ್ದ ಪೆನಿಸಿಲಿನ್ ಅನ್ನು ಕೊಡದೆ ಉಳಿಸಿದ್ದರಿಂದ ಕೆಲವರಿಗೆ ಹೃದಯವನ್ನು ಬಾಧಿಸುವ ಸಂಧಿಜ್ವರ ಬಂದಿತ್ತು. ಬುದ್ಧಿಮಾಂದ್ಯ ಮಕ್ಕಳ ಸಂಸ್ಥೆಯೊಂದರಲ್ಲಿ ಮಕ್ಕಳಿಗೆ ಬೇಕೆಂದೇ ಕಾಮಾಲೆಯ ಸೋಂಕು ತಗುಲಿಸಲಾಗಿತ್ತು. ಬ್ರೂಕ್ಲಿನ್‌ನ ಆಸ್ಪತ್ರೆಯಲ್ಲಿ 1963ರಲ್ಲಿ 22 ಮಂದಿ ಕಾಯಿಲೆಯವರಿಗೆ ಜೀವಂತ ಕ್ಯಾನ್ಸರ್ ಕೋಶಗಳನ್ನು ಚುಚ್ಚಲಾಗಿತ್ತು. ಅವು ಕ್ಯಾನ್ಸರಿನವು ಎಂಬ ಮಾತನ್ನು ಮಾತ್ರ ಹೇಳಿರಲಿಲ್ಲ. ಹುಟ್ಟಿ ಎರಡು ದಿನವೂ ಆಗದ ಆರೋಗ್ಯವಂತ ಶಿಶುಗಳ ಮೂತ್ರಕೋಶಕ್ಕೆ ನಳಿಕೆ ಹಾಕಿ ಕ್ಷ-ಕಿರಣ ಚಿತ್ರ ತೆಗೆಯಲಾಗಿತ್ತು.

ಒಂದು ಪ್ರಯೋಗವು ಧರ್ಮಸಮ್ಮತವೋ ಅಲ್ಲವೋ ಎಂಬುದು ಅದರ ಆರಂಭದಲ್ಲಿಯೇ ನಿರ್ಣಯವಾಗುತ್ತದೆ, ಫಲ ಚೆನ್ನಾಗಿ ಬಂದಿತೆಂದು ಆಮೇಲೆ ಅದು ಶುದ್ಧವಾಗುವುದಿಲ್ಲ ಎಂದು ಬೀಚರ್ ಪ್ರತಿಪಾದಿಸಿದರು. ಇವರನ್ನೆಲ್ಲ ಕ್ರೂರಿಗಳೆಂದು ಅವರು ಕರೆಯಲಿಲ್ಲ, ಹೆಸರುಗಳನ್ನೂ ಹೇಳಲಿಲ್ಲ. ಅವರು ಕಂಡದ್ದು ಬಹುಮಟ್ಟಿಗೆ ಅಜಾಗ್ರತೆ, ಅವಿಚಾರ. ನಮ್ಮ ಭಾಷೆಯಲ್ಲಿ ಇದಕ್ಕೆ ಹಳೆಯದೊಂದು ಪದವಿದೆ: ಪ್ರಮಾದ. ದ್ವೇಷವಿಲ್ಲದೆಯೂ ಪ್ರಮಾದದಿಂದ ಹಿಂಸೆಯಾಗುತ್ತದೆಂಬುದು ಈ ಪತ್ರಿಕೆಯ ವಾಚಕರಿಗೆ ಹೊಸ ಮಾತೇನಲ್ಲ.

ಆದರೆ ಪರಿಹಾರದ ವಿಷಯದಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿತ್ತು. ಸಮ್ಮತಿಯು ಮುಖ್ಯವಾದರೂ ಪೂರ್ಣವಾಗಿ ಪಡೆಯುವುದು ಕಷ್ಟ, ಆದ್ದರಿಂದ ತಿಳಿವಳಿಕೆಯುಳ್ಳ, ಕರುಣೆಯುಳ್ಳ, ಹೊಣೆಗಾರನಾದ ಸಂಶೋಧಕನ ಆತ್ಮಸಾಕ್ಷಿಯೇ ಹೆಚ್ಚಿನ ರಕ್ಷೆಯೆಂದು ಬೀಚರ್ ನಂಬಿದರು. ಪ್ಯಾಪ್‌ವರ್ತ್ ನಂಬಲಿಲ್ಲ. ವೈದ್ಯರಲ್ಲದವರೂ ಸದಸ್ಯರಾಗಿರುವ, ಕಾನೂನಿನ ಬಲವುಳ್ಳ ಸಮಿತಿಗಳು ಪ್ರತಿ ಪ್ರಯೋಗವನ್ನೂ ಮೊದಲೇ ಪರಿಶೀಲಿಸಬೇಕೆಂದು ಅವರು ಒತ್ತಾಯಿಸಿದರು.

ಇತಿಹಾಸ ನೀಡಿದ ತೀರ್ಪು

ಈ ವಿವಾದಕ್ಕೆ ಇತಿಹಾಸವೇ ಉತ್ತರ ಕೊಟ್ಟಿತು. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಮಹಿಳಾ ಆಸ್ಪತ್ರೆಯಲ್ಲಿ ಹರ್ಬರ್ಟ್ ಗ್ರೀನ್ ಎಂಬ ತಜ್ಞರು, ಗರ್ಭಕಂಠದ ಆರಂಭಿಕ ವಿಕೃತಿಯು ಕ್ಯಾನ್ಸರ್ ಆಗುವುದಿಲ್ಲವೆಂದು ಪ್ರಾಮಾಣಿಕವಾಗಿಯೇ ನಂಬಿದ್ದರು. 1966ರಲ್ಲಿ ಆಸ್ಪತ್ರೆಯ ಹಿರಿಯ ವೈದ್ಯರ ಸಮಿತಿಯ ಅನುಮತಿಯಿಂದಲೇ, ಅಂಥ ಸ್ತ್ರೀಯರಿಗೆ ಪೂರ್ಣ ಚಿಕಿತ್ಸೆ ಕೊಡದೆ ಬರಿದೇ ಗಮನಿಸುವ ಅಧ್ಯಯನವನ್ನು ಪ್ರಾರಂಭಿಸಿದರು. ಆ ಸ್ತ್ರೀಯರಿಗೆ ಇದು ತಿಳಿದಿರಲಿಲ್ಲ. ಅದೇ ಆಸ್ಪತ್ರೆಯ ಬಿಲ್ ಮೆಕಿಂಡೋ ಮತ್ತು ಜಾಕ್ ಮೆಕ್ಲೀನ್ ಆಕ್ಷೇಪಿಸಿದರು. ಆಸ್ಪತ್ರೆಯ ಒಳಸಮಿತಿ ಅದನ್ನು ಮನ್ನಿಸಲಿಲ್ಲ. 1984ರಲ್ಲಿ ಅವರು ಸಹೋದ್ಯೋಗಿಗಳೊಂದಿಗೆ ಅಂಕಿ ಅಂಶಗಳನ್ನು ಪ್ರಕಟಿಸಿದರು: ವಿಕೃತಿ ಮುಂದುವರಿದಿದ್ದ 131 ಸ್ತ್ರೀಯರಲ್ಲಿ ಶೇ. 22ರಷ್ಟು ಮಂದಿಗೆ ಕ್ಯಾನ್ಸರ್ ಬಂದಿತ್ತು. ಚಿಕಿತ್ಸೆಯ ನಂತರ ವಿಕೃತಿ ಮಾಯವಾಗಿದ್ದವರಲ್ಲಿ ಆ ಪ್ರಮಾಣ ಶೇ. 1.5 ಮಾತ್ರ. 1987ರಲ್ಲಿ ಇಬ್ಬರು ಲೇಖಕಿಯರು ಜನಪ್ರಿಯ ಮಾಸಪತ್ರಿಕೆಯೊಂದರಲ್ಲಿ ಇದನ್ನು ಬಯಲಿಗೆಳೆದರು. 1988ರಲ್ಲಿ ನ್ಯಾಯಾಧೀಶೆ ಸಿಲ್ವಿಯಾ ಕಾರ್ಟ್‌ರೈಟ್ ಅವರ ವಿಚಾರಣಾ ವರದಿ ಬಂದಿತು. ಆತ್ಮಸಾಕ್ಷಿ ಇತ್ತು, ಸಮಿತಿಯೂ ಇತ್ತು. ಇಲ್ಲದಿದ್ದದ್ದು ಹೊರಗಿನವನ ಕಣ್ಣು ಮತ್ತು ರೋಗಿಯ ಅರಿವು.

ಅಮೆರಿಕದ ಟಸ್ಕೀಗೀ ಪ್ರಕರಣವೂ ಇಂಥದೇ. 1932ರಿಂದ ಸುಮಾರು 400 ಮಂದಿ ಕಪ್ಪುವರ್ಣದ ಬಡ ಸಿಫಿಲಿಸ್ ರೋಗಿಗಳನ್ನು, ಪೆನಿಸಿಲಿನ್ ಬಂದ ಮೇಲೂ ಚಿಕಿತ್ಸೆಯಿಲ್ಲದೆ ಗಮನಿಸಲಾಗುತ್ತಿತ್ತು. ಪೀಟರ್ ಬಕ್ಸ್‌ಟನ್ ಎಂಬ ಕಿರಿಯ ನೌಕರ 1966ರಿಂದ ಮೇಲಧಿಕಾರಿಗಳಿಗೆ ಬರೆಯುತ್ತ ಬಂದರು. 1969ರಲ್ಲಿ ತಜ್ಞರ ಮಂಡಳಿ ಸೇರಿ, ಅಧ್ಯಯನ ಮುಂದುವರಿಯಲೆಂದು ತೀರ್ಮಾನಿಸಿತು. 1972ರಲ್ಲಿ ವಿಷಯ ವೃತ್ತಪತ್ರಿಕೆಗೆ ಬಂದ ಮೇಲಷ್ಟೇ ಅದು ನಿಂತಿತು.

ಬ್ರಿಟನ್ನಿನಲ್ಲಿ ಪ್ಯಾಪ್‌ವರ್ತ್ ಅವರ ಗ್ರಂಥದ ಗದ್ದಲದ ನಡುವೆ, 1967ರಲ್ಲಿ ವೈದ್ಯರ ರಾಯಲ್ ಕಾಲೇಜು ಪ್ರತಿ ಆಸ್ಪತ್ರೆಯಲ್ಲಿಯೂ ಸಂಶೋಧನೆಯನ್ನು ಪರಿಶೀಲಿಸುವ ವ್ಯವಸ್ಥೆಯಿರಬೇಕೆಂದು ಶಿಫಾರಸು ಮಾಡಿತು. ಆದರೆ ಆ ಗ್ರಂಥಕರ್ತನಿಗೆ ಅದೇ ಕಾಲೇಜಿನ ಫೆಲೋ ಗೌರವ ದೊರೆತದ್ದು 1993ರಲ್ಲಿ, ಸದಸ್ಯತ್ವ ಪರೀಕ್ಷೆಯಲ್ಲಿ ತೇರ್ಗಡೆಯಾದ 57 ವರ್ಷಗಳ ನಂತರ. ಮರುವರ್ಷ ಅವರು ತೀರಿಕೊಂಡರು.

ನಮ್ಮ ದೇಶದಲ್ಲಿ

ಭಾರತದಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರ ಅಧ್ಯಕ್ಷತೆಯ ಸಮಿತಿಯು ಸಿದ್ಧಪಡಿಸಿದ ಮೊದಲ ನೀತಿ ನಿರೂಪಣೆಯನ್ನು ವೈದ್ಯಕೀಯ ಸಂಶೋಧನಾ ಮಂಡಳಿ 1980ರಲ್ಲಿ ಪ್ರಕಟಿಸಿತು. ಆದರೂ 1976ರಲ್ಲಿ ದೆಹಲಿಯಲ್ಲಿ ಪ್ರಾರಂಭವಾಗಿದ್ದ, ಸಾವಿರಕ್ಕೂ ಹೆಚ್ಚು ಸ್ತ್ರೀಯರ ಗರ್ಭಕಂಠದ ವಿಕೃತಿಯನ್ನು ಗಮನಿಸುವ ಅಧ್ಯಯನ ಲಿಖಿತ ಸಮ್ಮತಿಯಿಲ್ಲದೆಯೇ 1980ರ ದಶಕದಲ್ಲಿಯೂ ಮುಂದುವರಿದಿತ್ತೆಂಬುದು 1997ರಲ್ಲಿ ವೃತ್ತಪತ್ರಿಕೆಗಳ ಮೂಲಕ ಬೆಳಕಿಗೆ ಬಂದಿತು. 2000ದಲ್ಲಿ ವಿಸ್ತೃತ ಮಾರ್ಗಸೂಚಿ ಬಂದಿತು. 2006 ಮತ್ತು 2017ರಲ್ಲಿ ಪರಿಷ್ಕೃತವಾಯಿತು. ಔಷಧ ಪರೀಕ್ಷೆಗಳನ್ನು ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸುವುದು 2009ರಿಂದ ಕಡ್ಡಾಯವಾಯಿತು. 2019ರ ನಿಯಮಗಳು ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಣೆ, ಅಕ್ಷರ ಬಾರದವರಿಗೆ ನಿಷ್ಪಕ್ಷಪಾತಿ ಸಾಕ್ಷಿ, ಹಾನಿಯಾದರೆ ಪರಿಹಾರ ಇವುಗಳನ್ನು ವಿಧಿಸಿವೆ. ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಮಂದಿಯಿರಬೇಕು, ಅವರಲ್ಲಿ ಅರ್ಧದಷ್ಟಾದರೂ ಆ ಸಂಸ್ಥೆಯ ಹೊರಗಿನವರಿರಬೇಕು, ಒಬ್ಬ ಸಾಮಾನ್ಯ ನಾಗರಿಕನೂ ಇರಬೇಕು. ಪ್ಯಾಪ್‌ವರ್ತ್ ಕೇಳಿದ್ದ ಹೊರಗಿನವನ ಕಣ್ಣು ಇಲ್ಲಿ ಕಾನೂನಾಗಿದೆ.

ಇದು ದೂರದ ಮಾತಲ್ಲ. ಸ್ನಾತಕೋತ್ತರ ಪದವಿಗೆ ಓದುವ ಪ್ರತಿಯೊಬ್ಬ ವೈದ್ಯ ವಿದ್ಯಾರ್ಥಿಯೂ ಪ್ರಬಂಧ ಸಲ್ಲಿಸಬೇಕಾದ್ದರಿಂದ, ಕರ್ನಾಟಕದ ಪ್ರತಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಲ್ಲಿ, ಎಲ್ಲ ವಿಭಾಗಗಳಲ್ಲಿಯೂ, ಸಂಶೋಧನೆ ನಿರಂತರವಾಗಿ ನಡೆದಿರುತ್ತದೆ. ಈಗಾಗಲೇ ಬಳಕೆಗೆ ಮಂಜೂರಾದ ಔಷಧಿಯ ಮೇಲೆ ಶೈಕ್ಷಣಿಕ ಉದ್ದೇಶಕ್ಕಾಗಿ ನಡೆಯುವ ಪರೀಕ್ಷೆಗಳಿಗೆ ಬಹುಮಟ್ಟಿಗೆ ಆಸ್ಪತ್ರೆಯ ನೈತಿಕ ಸಮಿತಿಯ ಅನುಮತಿಯೇ ಸಾಕಾಗುತ್ತದೆ. ಆ ಸಮಿತಿ ಎಚ್ಚರವಾಗಿದ್ದರೆ ರೋಗಿ ಸುರಕ್ಷಿತ. ಸಹಿ ಹಾಕುವ ಯಂತ್ರವಾದರೆ ಅವನಿಗೆ ಬೇರೆ ರಕ್ಷಣೆ ವಿರಳ.

ಆದ್ದರಿಂದ ಆಸ್ಪತ್ರೆಗಳನ್ನು ನಡೆಸುವ, ಅಥವಾ ಅವುಗಳಿಗೆ ದಾನ ನೀಡುವ ವಿಶ್ವಸ್ತ ಮಂಡಳಿಗಳು ಕಟ್ಟಡ ಮತ್ತು ಉಪಕರಣಗಳ ಲೆಕ್ಕದೊಂದಿಗೆ ಇನ್ನೂ ಕೆಲವು ಪ್ರಶ್ನೆಗಳನ್ನು ಕೇಳಬೇಕು. ನೈತಿಕ ಸಮಿತಿ ವರ್ಷದಲ್ಲಿ ಎಷ್ಟು ಬಾರಿ ಸೇರಿತು? ಎಷ್ಟು ಪ್ರಸ್ತಾವಗಳನ್ನು ತಿದ್ದಿತು ಅಥವಾ ನಿರಾಕರಿಸಿತು? ಅದರಲ್ಲಿರುವ ಸಾಮಾನ್ಯ ನಾಗರಿಕ ಬಾಯಿ ತೆರೆದು ಕೇಳುವವನೋ, ಊಟದ ಹೊತ್ತಿಗೆ ಬಂದು ಹೋಗುವವನೋ? ಸಮ್ಮತಿಪತ್ರ ಹಳ್ಳಿಯಿಂದ ಬಂದ ತಾಯಿಗೆ ಅರ್ಥವಾಗುವ ಕನ್ನಡದಲ್ಲಿದೆಯೇ? ಒಲ್ಲೆನೆಂದವಳಿಗೂ ಅದೇ ಆದರದ ಚಿಕಿತ್ಸೆ ಸಿಗುತ್ತದೆಯೇ?

ಅಂತೆಯೇ ಕುಟುಂಬದವರೂ ಆಸ್ಪತ್ರೆಯಲ್ಲಿ ಕಾಗದಕ್ಕೆ ಸಹಿ ಹಾಕುವ ಮುನ್ನ, ಇದು ನನ್ನ ಚಿಕಿತ್ಸೆಗೋ, ಅಧ್ಯಯನಕ್ಕೋ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಅಧ್ಯಯನಕ್ಕೆಂದಾದರೆ, ತಿಳಿದು ಒಪ್ಪುವುದು ದೊಡ್ಡ ಉಪಕಾರವೇ. ಮದರಾಸಿನ ಆ 193 ಮಂದಿಯಿಂದ ಕೋಟ್ಯಂತರ ಕ್ಷಯರೋಗಿಗಳಿಗೆ ಮನೆಯಲ್ಲಿಯೇ ಚಿಕಿತ್ಸೆ ದೊರೆಯುವಂತಾಯಿತು. ತಿಳಿಯದವನಿಂದ ಕಿತ್ತುಕೊಂಡದ್ದು ದಾನವಾಗಲಾರದು. ತಿಳಿದು ಕೊಟ್ಟದ್ದು ಮಾತ್ರ ದಾನ. ಆಸ್ಪತ್ರೆಯ ಸಂಶೋಧನೆಗೂ ಇದೇ ನ್ಯಾಯ ಸಲ್ಲುತ್ತದೆ.